ಕೊರಳ ನಳಿಗೆಯ ಕಥೆ

ಮಣಿಪಾಲದ ಆಸ್ಪತ್ರೆಯಿಂದ ಕೊರಳಲ್ಲಿ ನಳಿಗೆಯಿಟ್ಟುಕೊಂಡು ನಮ್ಮ ಹಾಲಾಡಿಯಂಥ ಊರಿಗೆ ಮರಳುವ ರೋಗಿಯನ್ನು ತಾವು ಕಂಡಿರಬಹುದು. 'ಟ್ರೇಕಿಯಾಸ್ಟಮಿ' ಎಂಬ ಆ ಶಸ್ತ್ರಚಿಕಿತ್ಸೆಯ ಹೆಸರಿನ ಕೊನೆಗಿರುವ ಗ್ರೀಕ್ ಪದಕ್ಕೆ ಬಾಯಿ ಎಂದರ್ಥ; 'ಕೊರಳಬಾಯಿ' ಎಂದರೆ ಕನ್ನಡಕ್ಕೂ ಒಗ್ಗೀತು. ಅದನ್ನು ತೆರೆಯುವವರು ವೈದ್ಯರು, ಕಾಯಬೇಕಾದವರು ಮನೆಯವರು.

1825ರಲ್ಲಿ ಫ್ರಾನ್ಸಿನ ತೂರ್ ಪಟ್ಟಣದ ಬ್ರೆತೊನೊ ಎಂಬ ವೈದ್ಯನು ಗಂಟಲುಮಾರಿಯಿಂದ ಉಸಿರು ಕಟ್ಟಿದ್ದ ಬಾಲಕಿಯೊಬ್ಬಳ ಶ್ವಾಸನಾಳವನ್ನು ಕೊಯ್ದು ಬದುಕಿಸಿದನು. ಅವನ ಶಿಷ್ಯ ತ್ರೂಸೋ ಸುಮಾರು 200 ಮಕ್ಕಳಿಗೆ ಹೀಗೆ ಮಾಡಿದನು. ಉಳಿದವರು ನಾಲ್ಕರಲ್ಲಿ ಒಂದು ಪಾಲು ಮಾತ್ರ. ಕೊಯ್ತದಷ್ಟೇ ಅನಂತರದ ಶುಶ್ರೂಷೆಯೂ ಮುಖ್ಯವೆಂದು ಅವನು ಬೋಧಿಸಿದನು. ನಳಿಗೆಯೊಳಗೆ ಇನ್ನೊಂದು ನಳಿಗೆಯಿರಲಿ, ಅದನ್ನು ತೆಗೆದು ತೊಳೆಯಿರಿ, ಕೊರಳಿಗೆ ತೆಳುಬಟ್ಟೆ ಸುತ್ತಿರಿ ಎಂದನು.

ಬಟ್ಟೆಯೇಕೆ? ಗಾಳಿಯನ್ನು ಬೆಚ್ಚಗೆ ಮಾಡಿ, ತೇವಗೊಳಿಸಿ, ಧೂಳನ್ನು ತಡೆಯುವುದು ಮೂಗಿನ ಕೆಲಸ. ನಳಿಗೆಯ ಉಸಿರಿಗೆ ಆ ಉಪಕಾರವಿಲ್ಲ. ಒಣಗಾಳಿಗೆ ಕಫ ಗಟ್ಟಿಯಾಗಿ ದಾರಿ ಮುಚ್ಚುತ್ತದೆ. ಅಡಕೆ ಸುಲಿಯುವ ಅಂಗಳದ ಧೂಳು, ಬಚ್ಚಲೊಲೆಯ ಹೊಗೆ ಇವೆಲ್ಲ ನೇರ ಶ್ವಾಸಕೋಶಕ್ಕೆ. ಹೊಳೆಯಲ್ಲಿ ಮುಳುಗುವ ಮಾತಂತೂ ಬೇಡ.

ಅಮೆರಿಕದ ಷೆವಲಿಯರ್ ಜ್ಯಾಕ್ಸನ್ 1921ರಲ್ಲಿ ಇನ್ನೊಂದು ಕೇಡನ್ನು ತೋರಿಸಿದನು: ರಂಧ್ರವನ್ನು ತೀರ ಮೇಲೆ ಕೊರೆದರೆ, ಗಾಯ ಮಾಯ್ದ ಮೇಲೂ ದಾರಿ ಕಿರಿದಾಗಿ ಉಳಿಯುತ್ತದೆ. 1952ರಲ್ಲಿ ಕೋಪನ್‌ಹೇಗನ್ನಿನಲ್ಲಿ ಪೋಲಿಯೊ ಹಬ್ಬಿದಾಗ, ಇಬ್ಸೆನ್ ಎಂಬ ವೈದ್ಯನ ಸಲಹೆಯಂತೆ ಕೊರಳ ನಳಿಗೆಗೆ ರಬ್ಬರು ಚೀಲ ಜೋಡಿಸಿ, ಸುಮಾರು 1500 ವಿದ್ಯಾರ್ಥಿಗಳು ಸರದಿಯಲ್ಲಿ ಹಗಲಿರುಳು ಕೈಯಿಂದಲೇ ಒತ್ತಿ ಉಸಿರು ಕೊಟ್ಟರು. ಯಂತ್ರಗಳು ಸಾಲದಾಗಿದ್ದುವು, ಕೈಗಳು ಸಾಲಲಿಲ್ಲವೆನ್ನಲಿಲ್ಲ. ಮರುವರ್ಷವೇ, 1953ರಲ್ಲಿ, ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಆರಂಭವಾಯಿತು.

ಈಗ ಮನೆಯ ವಿಚಾರ. ಮೊದಲ ವಾರ ನಳಿಗೆ ಜಾರಿದರೆ ಅಪಾಯ ಹೆಚ್ಚು, ಏಕೆಂದರೆ ರಂಧ್ರ ಇನ್ನೂ ಹದಗೊಂಡಿರದು. ಆ ದಿನಗಳು ಆಸ್ಪತ್ರೆಯಲ್ಲಿ ಕಳೆಯುವುದೇ ಲೇಸು. ಮನೆಗೆ ಬಂದ ಮೇಲೆ ಉಸಿರು ಕಟ್ಟಿದಂತಾದರೆ ಒಳನಳಿಗೆಯನ್ನು ತಟ್ಟನೆ ಹೊರತೆಗೆಯಿರಿ. ಕಫ ಎಳೆಯುವ ಯಂತ್ರವನ್ನು ಒಂದು ಸಲಕ್ಕೆ ಹತ್ತು-ಹದಿನೈದು ಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಡಿಯಬಾರದು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋಗುವುದನ್ನು ಬಲ್ಲವರು ಬ್ಯಾಟರಿಯದನ್ನೋ ಕಾಲಿನಿಂದ ತುಳಿಯುವುದನ್ನೋ ಜತೆಗಿಟ್ಟುಕೊಳ್ಳುತ್ತಾರೆ. ಕೆಂಪು ರಕ್ತ ಕಂಡರೆ ಮನೆಮದ್ದಿಗೆ ಹೊರಡದೆ ಆಸ್ಪತ್ರೆಗೆ ಹೊರಡಿರಿ.

ಇನ್ನೊಂದು ಮಾತು. ಉಸಿರು ಧ್ವನಿತಂತುಗಳನ್ನು ಮುಟ್ಟದೆ ಹೊರಬೀಳುವುದರಿಂದ ರೋಗಿಗೆ ಸ್ವರ ಹೊರಡದು. ಹಾಸಿಗೆಯ ಬಳಿ ಸ್ಲೇಟು, ಬಳಪ, ಕೈಗೆಟಕುವಂತೆ ಒಂದು ಗಂಟೆ ಇರಿಸಿರಿ. ನಡುರಾತ್ರಿ ಅವನು ಕೂಗಲಾರ.