ಚಾವಣಿ ಮಳೆನೀರು ಕೊಯ್ಲು

ಮನೆಯ ಚಾವಣಿಯ ಮೇಲೆ ಬೀಳುವ ಮಳೆನೀರನ್ನು ಕೊಳವೆಯ ಮೂಲಕ ಇಳಿಸಿ, ಸೋಸಿ, ಬಳಕೆಗೆ ಶೇಖರಿಸುವ ಅಥವಾ ನೆಲಕ್ಕೆ ಇಂಗಿಸುವ ಗೃಹಮಟ್ಟದ ಜಲಸಂಗ್ರಹ ವಿಧಾನ. ಮಾಗಡಿ ತಾಲ್ಲೂಕಿನ ಸಾವನದುರ್ಗದ ಸುತ್ತಮುತ್ತ ಇದರ ಅಗತ್ಯ ಹೆಚ್ಚು. ರಾಮನಗರದ ಹಳೆಯ ಹೆಸರಿನಿಂದ ಗುರುತಿಸಲಾಗುವ ಕ್ಲೋಸ್‌ಪೇಟೆ ಗ್ರಾನೈಟ್ ಪಟ್ಟಿಯ ಈ ಸೀಮೆಯಲ್ಲಿ ಅಂತರ್ಜಲ ನಿಲ್ಲುವುದು ಶಿಥಿಲಗೊಂಡ ಮೇಲ್ಪದರ ಮತ್ತು ಬಂಡೆಯ ಬಿರುಕುಗಳಲ್ಲಿ ಮಾತ್ರ. ಅಕ್ಕಪಕ್ಕದ ಎರಡು ಕೊಳವೆಬಾವಿಗಳಲ್ಲಿ ಒಂದಕ್ಕೆ ನೀರು ಸಿಕ್ಕಿ ಇನ್ನೊಂದು ಬತ್ತಿರುವುದು ಇದರಿಂದಲೇ. ಬೆಟ್ಟದ ಬಂಡೆಕುಳಿಗಳಲ್ಲಿ ಮಳೆನೀರು ನಿಲ್ಲುವ ದೊಣೆಗಳು ಈ ವಿಧಾನದ ನಿಸರ್ಗಸಹಜ ಮಾದರಿ.

100 ಚದರ ಮೀಟರ್ ಚಾವಣಿಯ ಮೇಲೆ 1 ಮಿಲಿಮೀಟರ್ ಮಳೆಯಾದರೆ 100 ಲೀಟರ್ ನೀರು ಬೀಳುತ್ತದೆ. 25 ಮಿಲಿಮೀಟರಿನ ಒಂದು ಹದಮಳೆಗೆ 2,500 ಲೀಟರ್. ಆವಿ, ಸೋರಿಕೆಗಳನ್ನು ಕಳೆದರೂ ಬಹುಪಾಲು ಕೈಗೆ ಸಿಗುತ್ತದೆ. ಧೂಳು, ಒಣಗಿದ ಎಲೆ, ಹಕ್ಕಿಹಿಕ್ಕೆಗಳಿಂದ ಕಂದುಬಣ್ಣಕ್ಕೆ ತಿರುಗಿದ ಮೊದಲ ನೀರನ್ನು ಹೊರಬಿಟ್ಟು, ತಿಳಿಯಾದ ಮೇಲೆ ಜಲ್ಲಿ, ಮರಳು, ಇದ್ದಿಲಿನ ಸೋಸುಕದ ಮೂಲಕ ನೆಲದಡಿಯ ತೊಟ್ಟಿಯಾದ ಸಂಪಿಗೆ ಹರಿಸುವುದು ಮುಖ್ಯ ಹಂತ. ಸಂಪಿನ ಮುಚ್ಚಳ ಬಿಗಿಯಾಗಿಲ್ಲದಿದ್ದರೆ ಸೊಳ್ಳೆ ಮರಿಮಾಡುತ್ತದೆ.

ಬೆಂಗಳೂರು ಜಲಮಂಡಳಿ ಕಾಯ್ದೆಯ 2009ರ ತಿದ್ದುಪಡಿ ನಿಗದಿತ ಅಳತೆಯ ನಿವೇಶನಗಳಿಗೆ ಮಳೆನೀರು ಕೊಯ್ಲನ್ನು ಕಡ್ಡಾಯಗೊಳಿಸಿತು. ಅಳವಡಿಸದವರ ನೀರಿನ ಬಿಲ್ಲಿಗೆ ದಂಡ ಸೇರುತ್ತದೆ. ಬಳಕೆ ಏರಿದಂತೆ ಕಿಲೋಲೀಟರಿನ ದರವೂ ಹಂತಹಂತವಾಗಿ ಏರುವ ಮೀಟರ್ ಪದ್ಧತಿಯಲ್ಲಿ, ಸಂಪಿನ ಮಳೆನೀರು ಉಳಿಸುವುದು ಮೇಲಿನ ದುಬಾರಿ ಹಂತದ ಹಣವನ್ನು.