ಸಮ-ಬೆಸ ನಿಯಮ (ಸ್ಟಾರ್ ಟ್ರೆಕ್)

ಸಮ-ಬೆಸ ನಿಯಮ ಎಂಬುದು ಅಮೆರಿಕದ ವೈಜ್ಞಾನಿಕ ಕಥಾ ಚಲನಚಿತ್ರ ಸರಣಿಯಾದ ಸ್ಟಾರ್ ಟ್ರೆಕ್‌ನ ಅಭಿಮಾನಿಗಳಲ್ಲಿ ಪ್ರಚಲಿತವಿರುವ ನಂಬಿಕೆ. ಇದರ ಪ್ರಕಾರ ಸರಣಿಯ ಸಮಸಂಖ್ಯೆಯ ಚಿತ್ರಗಳು ಉತ್ತಮ, ಬೆಸಸಂಖ್ಯೆಯವು ದುರ್ಬಲ.

ಹಿನ್ನೆಲೆ

ರಾಬರ್ಟ್ ವೈಸ್ ನಿರ್ದೇಶಿಸಿದ ಮೊದಲ ಚಿತ್ರ (1979) ಮಂದಗತಿಗಾಗಿ ಟೀಕೆಗೊಳಗಾಯಿತು. ಎರಡನೆಯದಾದ 'ದಿ ರಾತ್ ಆಫ್ ಖಾನ್' (1982), ನಾಲ್ಕನೆಯದಾದ 'ದಿ ವಾಯೇಜ್ ಹೋಮ್' (1986) ಹಾಗೂ ಆರನೆಯದಾದ 'ದಿ ಅನ್‌ಡಿಸ್ಕವರ್ಡ್ ಕಂಟ್ರಿ' (1991) ಮೆಚ್ಚುಗೆ ಗಳಿಸಿದವು. ವಿಲಿಯಂ ಶಾಟ್ನರ್ ನಿರ್ದೇಶನದ ಐದನೆಯ ಚಿತ್ರವನ್ನು (1989) ಅತ್ಯಂತ ದುರ್ಬಲ ಚಿತ್ರಗಳಲ್ಲಿ ಒಂದೆಂದು ಪರಿಗಣಿಸಲಾಗುತ್ತದೆ.

ಅಪವಾದಗಳು

ಹತ್ತನೆಯ ಚಿತ್ರ 'ನೆಮೆಸಿಸ್' (2002) ಗಳಿಕೆಯಲ್ಲಿ ಸೋತಿತು. ಮುಂದಿನ ಚಿತ್ರಕ್ಕೆ ಏಳು ವರ್ಷ ಕಾಯಬೇಕಾಯಿತು. ಜೆ. ಜೆ. ಏಬ್ರಮ್ಸ್ ನಿರ್ದೇಶಿಸಿದ ಆ ಹನ್ನೊಂದನೆಯ ಚಿತ್ರ (2009) ಯಶಸ್ವಿಯಾದುದರಿಂದ ನಿಯಮ ತಲೆಕೆಳಗಾಯಿತು. ವಿಮರ್ಶಕರು ಬಹುಮಟ್ಟಿಗೆ ಒಪ್ಪಿದ್ದ ಹನ್ನೆರಡನೆಯ ಚಿತ್ರ 'ಇನ್‌ಟು ಡಾರ್ಕ್‌ನೆಸ್'ಗೆ 2013ರ ಲಾಸ್ ವೇಗಸ್ ಸಮಾವೇಶದಲ್ಲಿ ಅಭಿಮಾನಿಗಳು ಕೊನೆಯ ಸ್ಥಾನ ನೀಡಿದರು. 'ದಿ ರಾತ್ ಆಫ್ ಖಾನ್' ಮೊದಲ ಸ್ಥಾನ ಪಡೆಯಿತು. ಸರಣಿಯ ಅಣಕವಾದ 'ಗ್ಯಾಲಕ್ಸಿ ಕ್ವೆಸ್ಟ್' (1999) ಕೂಡ ಪಟ್ಟಿಯಲ್ಲಿ ಹಲವು ಅಧಿಕೃತ ಚಿತ್ರಗಳನ್ನು ಹಿಂದಿಕ್ಕಿತು.

ಚರ್ಚೆಯ ಸ್ವರೂಪ

ಈ ವಾದದ ಮೂಲದಲ್ಲಿರುವುದು ಸ್ಟಾರ್ ಟ್ರೆಕ್‌ನ ತಿರುಳು ಯಾವುದೆಂಬ ಪ್ರಶ್ನೆ. ಅಜ್ಞಾತದ ಅನ್ವೇಷಣೆ ಮತ್ತು ನೈತಿಕ ಜಿಜ್ಞಾಸೆಯೇ ಮುಖ್ಯವೆನ್ನುವವರು ಮೊದಲ ಚಿತ್ರವನ್ನು ಸಮರ್ಥಿಸಿದರೆ, ಪಾತ್ರಗಳ ಸ್ನೇಹ ಹಾಗೂ ಸಂಘರ್ಷಕ್ಕೆ ಬೆಲೆ ಕೊಡುವವರು ಎರಡನೆಯದನ್ನು ಎತ್ತಿಹಿಡಿಯುತ್ತಾರೆ.