ಕಬ್ಬಿನ ಒಪ್ಪಿಗೆ, ಫುಟ್‌ಬಾಲ್ ಕರಾರು

1/6
ಮಂಡ್ಯದೋರಿಗೆ ಅಗ್ರಿಮೆಂಟ್ ಅಂದ್ರೆ ಏನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಕಾರ್ಖಾನೆಗೆ ಕಬ್ಬು ಒಪ್ಪಿಗೆ ಮಾಡಿದ ಮೇಲೆ, ಬೆಲ್ಲದ ರೇಟು ಏರಿತು ಅಂತ ಅದನ್ನ ಆಲೆಮನೆಗೆ ಸಾಗಿಸೋ ಹಾಗಿಲ್ಲ. ಫುಟ್‌ಬಾಲ್ ಆಟಗಾರನ ಕರಾರೂ ಇದೇ ಜಾತಿಯದು. ಇಷ್ಟು ಸೀಸನ್, ಇಷ್ಟು ಸಂಬಳ, ಅಲ್ಲಿವರೆಗೂ ಬೇರೆಯವರಿಗೆ ಆಡೋ ಹಾಗಿಲ್ಲ. ಸರಿ, ಅವಧಿ ಮುಗಿದ ಮೇಲೆ? ದುಡ್ಡು ಬರದೇ ಹೋದ್ರೆ? ನೂರು ವರ್ಷದ ಜಗಳವೆಲ್ಲ ಈ ಎರಡು ಪ್ರಶ್ನೆಯ ಸುತ್ತಲೇ ನಡೆದಿದೆ. ಮದ್ದೂರು, ಮಳವಳ್ಳಿ ಕಡೆಯಿಂದ ಬೆಂಗಳೂರಿಗೆ ಟ್ರಯಲ್ಸ್‌ಗೆ ಹೋಗೋ ಕನಸಲ್ಲಿರೋ ಹುಡುಗ್ರು ಇದನ್ನ ಪೂರ್ತಿ ಓದಿ. ಅವರ ಅಪ್ಪಂದಿರೂ ಓದಿದ್ರೆ ಇನ್ನೂ ಒಳ್ಳೇದು.

2/6
ನಮ್ಮ ರಾಜ್ಯದಲ್ಲಿ ಬಹಳ ಕಾಲ ಆಟಗಾರನ ಕೈಯಲ್ಲಿ ಇದ್ದದ್ದು ಕರಾರಲ್ಲ, ನೌಕರಿ. ಬೆಂಗಳೂರಿನ ಎಚ್‌ಎಎಲ್, ಐಟಿಐ ಥರದ ಸರ್ಕಾರಿ ಕಾರ್ಖಾನೆಗಳು ಚೆನ್ನಾಗಿ ಆಡೋ ಹುಡುಗರನ್ನ ಕೆಲಸಕ್ಕೆ ತಗೊಳ್ತಿದ್ವು. ಹಾಜರಿ ಪುಸ್ತಕದಲ್ಲಿ ನೌಕರ, ಮೈದಾನದಲ್ಲಿ ಫಾರ್ವರ್ಡು. ಇವರನ್ನ ಹವ್ಯಾಸಿಗಳು ಅಂತ ಹಗುರವಾಗಿ ನೋಡಬೇಡಿ. 1977ರಲ್ಲಿ ಎರ್ನಾಕುಲಂನಲ್ಲಿ ಮೊಟ್ಟಮೊದಲ ಫೆಡರೇಷನ್ ಕಪ್ ನಡೆದಾಗ ಫೈನಲ್‌ನಲ್ಲಿ ಮೋಹನ್ ಬಗಾನನ್ನ 1-0ಯಿಂದ ಸೋಲಿಸಿದ್ದು ನಮ್ಮ ಐಟಿಐ! ಟೆಲಿಫೋನ್ ಮಾಡೋ ಕಾರ್ಖಾನೆಯ ತಂಡ.

ಆ ವ್ಯವಸ್ಥೆಯಲ್ಲಿ ಎಷ್ಟು ಗೋಲು ಹೊಡೆದರೂ ಸಂಬಳ ಗ್ರೇಡಿನ ಪ್ರಕಾರವೇ. ಆದರೆ ಮಂಡಿ ಹೋದರೂ ಕೆಲಸ ಇರ್ತಿತ್ತು. ಆಟ ಬಿಟ್ಟ ಮೇಲೂ ತಿಂಗಳ ಮೊದಲ ವಾರ ಸಂಬಳ ಬರ್ತಿತ್ತು, ಕೊನೆಗೆ ಪಿಎಫ್ಫು, ಗ್ರ್ಯಾಚುಟಿ. ಹುಡುಗ ಆಟ ಅಂತ ಹೊರಟರೆ ಮನೇಲಿ ಈಗಲೂ "ಅದ್ರಲ್ಲಿ ಕೆಲ್ಸ ಕೊಡ್ತಾರೇನಪ್ಪ?" ಅಂತ ಕೇಳ್ತಾರಲ್ಲ, ಆ ಪ್ರಶ್ನೆ ದಡ್ಡತನದ್ದಲ್ಲ. ಅದಕ್ಕೆ ಇಷ್ಟು ಹಳೇ ಬೇರು ಇದೆ.

3/6
ಹೆಸರು, ದುಡ್ಡು ಎರಡೂ ಬೇಕು ಅಂದವರು ಕಲ್ಕತ್ತಾ ರೈಲು ಹತ್ತುತ್ತಿದ್ರು. 1956ರ ಮೆಲ್ಬರ್ನ್ ಒಲಿಂಪಿಕ್ಸ್ ಆಡಿದ ಕೆಂಪಯ್ಯ, 1962ರ ಏಷ್ಯನ್ ಗೇಮ್ಸ್ ಚಿನ್ನದ ತಂಡದಲ್ಲಿದ್ದ ಅರುಮೈನಾಯಗಂ, ಇಬ್ಬರೂ ಇಲ್ಲಿಂದ ಹೋಗಿ ಮೋಹನ್ ಬಗಾನ್‌ಗೆ ಆಡಿದವರು. ಕಲ್ಕತ್ತಾದಲ್ಲಿ ಟೋಕನ್ ಪದ್ಧತಿ ಅಂತ ಒಂದಿತ್ತು. ಆಟಗಾರನ ಟೋಕನ್ ಯಾವ ಕ್ಲಬ್ಬಿನ ಕೈಗೆ ಸಿಕ್ಕಿತೋ ಸಹಿ ಅವರಿಗೆ. ಹಾಗಾಗಿ ಸಹಿ ಹಾಕೋ ದಿನಗಳು ಬಂದ್ರೆ ಕ್ಲಬ್ಬಿನೋರು ಆಟಗಾರರನ್ನ ಬಚ್ಚಿಡ್ತಿದ್ರು. ಒಳ್ಳೇ ಸಿನಿಮಾ ಆಗುತ್ತೆ ಬಿಡಿ.

ಆಮೇಲೆ 1997ರಲ್ಲಿ ಪೂರ್ತಿ ವೃತ್ತಿಪರ ಕ್ಲಬ್ ಅಂತ ಎಫ್‌ಸಿ ಕೊಚ್ಚಿನ್ ಬಂತು. ಬೆಂಗಳೂರಿನ ಕಾರ್ಲ್ಟನ್ ಚಾಪ್ಮನ್ ಕೂಡ ಅಲ್ಲಿಗೆ ಹೋದ್ರು. ಕೆಲವೇ ವರ್ಷಗಳಲ್ಲಿ ಆ ಕ್ಲಬ್ ದುಡ್ಡಿಲ್ಲದೆ ಮುಚ್ಚಿಹೋಯ್ತು. ನೌಕರಿ ಇಲ್ಲದ ಕರಾರು ಹೇಗಿರುತ್ತೆ ಅಂತ ಆಗಲೇ ಒಂದು ರುಚಿ ಸಿಕ್ಕಿತ್ತು.

4/6
ಈಗ ಮೊದಲ ಪ್ರಶ್ನೆ, ಅವಧಿ ಮುಗಿದ ಮೇಲೆ ಏನು? ಇಂಗ್ಲೆಂಡಿನ ಹಳೇ ಪದ್ಧತಿ ಕೇಳಿದ್ರೆ ಮೈ ಉರಿಯುತ್ತೆ. ಕರಾರು ಮುಗಿದರೂ ಕ್ಲಬ್ ಆಟಗಾರನ ನೋಂದಣಿಯನ್ನ ಹಿಡಿದಿಟ್ಟುಕೊಳ್ಳಬಹುದಿತ್ತು. ಸಂಬಳಕ್ಕೂ ಮಿತಿ, 1961ರವರೆಗೆ ವಾರಕ್ಕೆ 20 ಪೌಂಡ್ ಮೀರೋ ಹಾಗಿರಲಿಲ್ಲ. ನ್ಯೂಕ್ಯಾಸಲ್‌ನ ಜಾರ್ಜ್ ಈಸ್ಟ್‌ಹ್ಯಾಮ್ ಕೋರ್ಟಿಗೆ ಹೋದರು. 1963ರಲ್ಲಿ, ಹೀಗೆ ಹಿಡಿದಿಡೋದು ವೃತ್ತಿಗೆ ಅನ್ಯಾಯದ ಅಡ್ಡಿ ಅಂತ ತೀರ್ಪು ಬಂತು. ಆದರೂ ವರ್ಗಾವಣೆ ಶುಲ್ಕದ ಹಗ್ಗ ಉಳಿದೇ ಇತ್ತು. ಅದನ್ನ ಕತ್ತರಿಸಿದ್ದು ಬೆಲ್ಜಿಯಂನ ಜಾನ್ ಮಾರ್ಕ್ ಬೋಸ್ಮನ್. 1995ರ ಡಿಸೆಂಬರ್ 15ರಂದು ಯುರೋಪಿನ ನ್ಯಾಯಾಲಯ, ಕರಾರು ಮುಗಿಸಿದ ಯುರೋಪಿಯನ್ ಒಕ್ಕೂಟದ ಆಟಗಾರ ಅಲ್ಲಿನ ಬೇರೆ ದೇಶದ ಕ್ಲಬ್ಬಿಗೆ ಹೋಗೋದಕ್ಕೆ ಹಳೇ ಕ್ಲಬ್ ದುಡ್ಡು ಕೇಳೋ ಹಾಗಿಲ್ಲ ಅಂದಿತು. ಆದರೆ ಕೇಸ್ ನಡೆಯೋ ಹೊತ್ತಿಗೆ ಬೋಸ್ಮನ್ ಆಟದ ವಯಸ್ಸೇ ಕಳೆದುಹೋಗಿತ್ತು.

5/6
ನಮ್ಮ ಬಿಕಾಂ ಸಿಲಬಸ್‌ನಲ್ಲೇ ಇದಕ್ಕೆ ಉತ್ತರ ಇದೆ ಕಣ್ರೀ! 1872ರ ಭಾರತೀಯ ಕರಾರು ಕಾಯ್ದೆ, ಸೆಕ್ಷನ್ 27. ಒಬ್ಬನ ನ್ಯಾಯಸಮ್ಮತ ವೃತ್ತಿಗೆ ಅಡ್ಡಿ ಮಾಡೋ ಷರತ್ತು ಆ ಮಟ್ಟಿಗೆ ಅನೂರ್ಜಿತ. ಎಕ್ಸಾಮಿಗೆ ಬಾಯಿಪಾಠ ಮಾಡಿ ಮರೆತಿದ್ದೆ. 2006ರಲ್ಲಿ ಕ್ರಿಕೆಟಿಗ ಜಹೀರ್ ಖಾನ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹಿಡಿದು, ಕರಾರು ನಡೀತಿರುವಾಗಿನ ಕಟ್ಟು ಬೇರೆ, ಮುಗಿದ ಮೇಲಿನ ಕಟ್ಟು ಬೇರೆ, ಎರಡನೆಯದು ನಿಲ್ಲಲ್ಲ ಅಂದಿತು.

ಈಗಿನ ಫಿಫಾ ನಿಯಮದಲ್ಲಿ ಕರಾರು ಸಾಮಾನ್ಯವಾಗಿ ಹೆಚ್ಚೆಂದರೆ 5 ವರ್ಷ, 18 ತುಂಬದವನಿಗೆ 3 ವರ್ಷ. ಕೊನೆಯ 6 ತಿಂಗಳಲ್ಲಿ ಆಟಗಾರ ಬೇರೆ ಕ್ಲಬ್ ಜೊತೆ ಮುಂದಿನ ಕರಾರಿಗೆ ಸಹಿ ಹಾಕಬಹುದು. ಹಾಗಾಗಿ ಪೇಪರಲ್ಲಿ ಬರೋ "ಇಷ್ಟು ಕೋಟಿಗೆ ಮಾರಾಟ" ಅನ್ನೋದು ಮನುಷ್ಯನ ಬೆಲೆ ಅಲ್ಲ, ಕರಾರಿನಲ್ಲಿ ಉಳಿದಿರೋ ಕಾಲದ ಬೆಲೆ. 5 ವರ್ಷದ ಕರಾರಿಗೆ 5 ಕೋಟಿ ಶುಲ್ಕ ಕೊಟ್ಟರೆ, ಕ್ಲಬ್ಬಿನ ಲೆಕ್ಕದಲ್ಲಿ ವರ್ಷಕ್ಕೆ 1 ಕೋಟಿ ಕರಗುತ್ತೆ. ಕೊನೆ ದಿನ ಅದು ಸೊನ್ನೆ. 2015ರ ಐಎಸ್‌ಎಲ್ ಹರಾಜಲ್ಲಿ ಮುಂಬೈ ಸಿಟಿ ಸುನಿಲ್ ಛೆಟ್ರಿಗೆ ಕೂಗಿದ 1.2 ಕೋಟಿ ಮಾತ್ರ ಬೇರೆ, ಅದು ಅವರಿಗೇ ಸಿಗೋ ದುಡ್ಡು.

6/6
ಇನ್ನು ಎರಡನೇ ಪ್ರಶ್ನೆ, ಸಂಬಳ. 2025ರ ಜುಲೈನಲ್ಲಿ ಐಎಸ್‌ಎಲ್ ಸೀಸನ್ ತಡೆಹಿಡಿದ್ರು. ಆಗಸ್ಟ್ 4ಕ್ಕೆ ಬೆಂಗಳೂರು ಎಫ್‌ಸಿ, ಮೊದಲ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳವನ್ನ ಅನಿರ್ದಿಷ್ಟ ಕಾಲ ನಿಲ್ಲಿಸ್ತೀವಿ ಅಂತ ಪ್ರಕಟಿಸಿತು. ಕಾರಣ ಆಟಗಾರರ ಕರಾರಲ್ಲ. ಲೀಗ್ ನಡೆಸೋ ಕಂಪನಿಗೂ ಎಐಎಫ್‌ಎಫ್‌ಗೂ 2010ರಲ್ಲಿ ಆಗಿದ್ದ 15 ವರ್ಷದ ಒಪ್ಪಂದ ಡಿಸೆಂಬರ್‌ಗೆ ಮುಗಿಯೋದಿತ್ತು, ಮುಂದೇನು ಅಂತ ತೀರ್ಮಾನ ಆಗಿರಲಿಲ್ಲ. ಅಂದ್ರೆ ಹುಡುಗನ ಕರಾರು ನಿಂತಿದ್ದು ಅವನು ಸಹಿಯೇ ಹಾಕದ ಇನ್ನೊಂದು ಕರಾರಿನ ಮೇಲೆ. ಕಾರ್ಖಾನೆ ನಿಂತ ವರ್ಷ ಗದ್ದೇಲಿ ಒಣಗಿದ ಕಬ್ಬು ನೋಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಾ?

ಕಬ್ಬಿಗೆ 1966ರ ನಿಯಂತ್ರಣ ಆದೇಶ ಇದೆ. ಸರಬರಾಜಾದ 14 ದಿನದೊಳಗೆ ದುಡ್ಡು ಕೊಡಬೇಕು, ತಪ್ಪಿದ್ರೆ ವರ್ಷಕ್ಕೆ 15% ಬಡ್ಡಿ. ಫುಟ್‌ಬಾಲ್‌ನಲ್ಲಿ 2 ತಿಂಗಳ ಸಂಬಳ ಬಾಕಿ ಆದ್ರೆ ಆಟಗಾರ ಲಿಖಿತ ನೋಟಿಸ್ ಕೊಟ್ಟು, ಕನಿಷ್ಠ 15 ದಿನ ಕಾಯ್ದು, ಕರಾರು ಮುರಿದು ಹೊರಡಬಹುದು. ಕಾಗದದ ಮೇಲೆ ಎರಡೂ ಚೆನ್ನಾಗಿವೆ. ಆದರೆ ಲೀಗೇ ನಿಂತಾಗ ಹೊರಟು ಹೋಗೋದಾದ್ರೂ ಎಲ್ಲಿಗೆ?

ಮುಂದಿನ ಭಾಗದಲ್ಲಿ ಉಲ್ಟಾ ಕೇಸು, ಕರಾರು ಮುರಿದ ಆಟಗಾರ. ಅನ್ವರ್ ಅಲಿ, 2024, 12.9 ಕೋಟಿ ಪರಿಹಾರದ ಆದೇಶ. ಅಷ್ಟರಲ್ಲಿ ನಿಮ್ಮ ಮನೆಯ ಕಬ್ಬಿನ ಒಪ್ಪಿಗೆ ಪತ್ರ ಹುಡುಕಿ, ಅದರಲ್ಲಿ ಅವಧಿ ಎಷ್ಟು ಬರೆದಿದೆ ಅಂತ ಕಾಮೆಂಟಲ್ಲಿ ಹಾಕಿ 👇

#ಮಂಡ್ಯ #ಮದ್ದೂರು #ಮಳವಳ್ಳಿ #ಫುಟ್‌ಬಾಲ್‌ಇತಿಹಾಸ